ಮೊದಲ ಗಿಟಾರ್ ಮಾಡೆಲ್: ಬೆಲೆ ಏರಿಸಲೋ, ಭಾಗ ಇಳಿಸಲೋ, ತಾರೀಖು ಮುಂದೂಡಲೋ?

ಮೂರನೇಮಾದರಿ ಕೇಳಿದ್ದು:

ನಾವು ಮೂರು ಜನ ಸೇರಿ ಎರಡು ವರ್ಷದಿಂದ ಒಂದು ಎಲೆಕ್ಟ್ರಿಕ್ ಗಿಟಾರ್ ಮೇಲೆ ಕೆಲಸ ಮಾಡುತ್ತಿದ್ದೇವೆ. ಬೋಲ್ಟ್ ಹಾಕಿ ಕೂರಿಸುವ ನೆಕ್ (ಗಿಟಾರಿನ ಕತ್ತು), 648 ಮಿಲಿಮೀಟರ್ ಸ್ಕೇಲ್ (ತಂತಿಯ ನುಡಿಯುವ ಉದ್ದ), ಎರಡು ಹಂಬಕರ್ (ತಂತಿಯ ಕಂಪನ ಹಿಡಿಯುವ ಪಿಕಪ್), ಅಲುಗಾಡದ ಬ್ರಿಡ್ಜ್ (ದೇಹದ ಮೇಲೆ ತಂತಿ ಕೂರುವ ಭಾಗ). ಆಕಾರದಲ್ಲಿ ಹೊಸದೇನೂ ಇಲ್ಲ. ನಾವು ತಲೆ ಕೆಡಿಸಿಕೊಂಡಿದ್ದು ಒಂದೇ ವಿಷಯಕ್ಕೆ: ಕಲಿಯುವ ಹಂತ ದಾಟಿ ಮೊದಲ ಒಳ್ಳೆಯ ಗಿಟಾರ್ ಕೊಳ್ಳುವವರು ಅದನ್ನು ಪೆಟ್ಟಿಗೆಯಿಂದ ತೆಗೆದ ತಕ್ಷಣ ನುಡಿಸುವ ಹಾಗಿರಬೇಕು, ಮೊದಲು ರಿಪೇರಿಯವರ ಹತ್ತಿರ ಓಡುವಂತೆ ಆಗಬಾರದು. ಮೂರನೇ ಮಾದರಿ ಕೈಗೆ ಬಂದ ದಿನ ಮೂವರಿಗೂ ಗೊತ್ತಾಯಿತು, ನಾವು ಹುಡುಕುತ್ತಿದ್ದುದು ಇದೇ ಅಂತ.

ಈಗ ತೊಂದರೆ ಶುರುವಾಗಿದೆ. ಬೇರೆಯವರಿಗೂ ಗಿಟಾರ್ ಮಾಡಿಕೊಡುವ ಒಂದು ಕಾರ್ಖಾನೆ 200 ಗಿಟಾರ್ ಮಾಡಿಕೊಡಲು ಒಪ್ಪಿದೆ. ಆದರೆ ನಮ್ಮ ಮಾದರಿಯಲ್ಲಿರುವ ಸ್ಟೇನ್‌ಲೆಸ್ ಸ್ಟೀಲ್ ಫ್ರೆಟ್ (ನೆಕ್ ಮೇಲಿನ ಅಡ್ಡ ಲೋಹದ ಪಟ್ಟಿ), ಲಾಕ್ ಆಗುವ ಟ್ಯೂನರ್ (ತಂತಿ ಬಿಗಿಯುವ ತಿರುಗಣೆ), ಅಂಚಿಗೆ ಕಪ್ಪಾಗುತ್ತ ಹೋಗುವ ಹೊಳಪಿನ ಸನ್‌ಬರ್ಸ್ಟ್ ಬಣ್ಣ ಎಲ್ಲ ಹಾಕಿದರೆ ನಾವು ಅಂದುಕೊಂಡದ್ದಕ್ಕಿಂತ ಖರ್ಚು 30 ಶೇಕಡಾ ಜಾಸ್ತಿ. ಇನ್ನೊಂದು, ಅವರು ಕಳಿಸಿದ ಸ್ಯಾಂಪಲ್ ನೆಕ್ ಬಂದ ದಿನ ಬೆಣ್ಣೆಯ ಹಾಗಿತ್ತು. ಮೂರು ವಾರ ಕೋಣೆಯಲ್ಲಿ ಇಟ್ಟಿದ್ದೆವು. ಈಗ ಅಂಚಿನ ಮೇಲೆ ಬೆರಳು ಎಳೆದರೆ ಫ್ರೆಟ್ ತುದಿಗಳು ಚುಚ್ಚುತ್ತವೆ. ಕೇಳಿದ್ದಕ್ಕೆ, ಮರಕ್ಕೆ ಇನ್ನಷ್ಟು ಕಾಲ ಕೊಡಬೇಕು, ಹಾಗೆ ಮಾಡಿದರೆ ಐದು ತಿಂಗಳು ಬೇಕು ಅಂದರು. ನಾಲ್ಕು ತಿಂಗಳಿಗೆ ದೊಡ್ಡ ವ್ಯಾಪಾರ ಮೇಳ ಇದೆ. ಅಲ್ಲಿ ಬಿಡುಗಡೆ ಅಂತ ಆಗಲೇ ಕೆಲವು ಅಂಗಡಿಯವರಿಗೆ ಹೇಳಿಬಿಟ್ಟಿದ್ದೇವೆ.

ಒಬ್ಬ ಗೆಳೆಯ ಬೆಲೆ ಏರಿಸೋಣ ಅನ್ನುತ್ತಾನೆ. ಇನ್ನೊಬ್ಬಳು ಭಾಗಗಳನ್ನು ಇಳಿಸಿ ಬೆಲೆ ಉಳಿಸೋಣ ಅನ್ನುತ್ತಾಳೆ. ತಾರೀಖು ಮುಂದೂಡಬೇಕು ಅಂತ ನನಗೆ ಅನಿಸುತ್ತದೆ, ಆದರೆ ಹೇಳಲು ಧೈರ್ಯ ಬರುತ್ತಿಲ್ಲ. ಈ ಕೆಲಸದಲ್ಲಿ ಪಳಗಿದವರು ದಯವಿಟ್ಟು ಹೇಳಿ, ಮೂರರಲ್ಲಿ ಯಾವುದನ್ನು ಬಿಡಬಹುದು?

---

ಮರದಧೂಳು ಉತ್ತರ:

ನಾನು ಹನ್ನೊಂದು ವರ್ಷ ನೆಕ್ ವಿಭಾಗದಲ್ಲಿ ಕೆಲಸ ಮಾಡಿದವನು, ಹಾಗಾಗಿ ಮೊದಲು ನೆಕ್ ಬಗ್ಗೆಯೇ ಹೇಳುತ್ತೇನೆ.

ಫ್ರೆಟ್ ತುದಿ ಚುಚ್ಚುವುದು ಫ್ರೆಟ್ಟಿನ ತಪ್ಪಲ್ಲ. ಲೋಹ ಇದ್ದ ಹಾಗೇ ಇದೆ, ಅದು ಕೂರುವ ಫಿಂಗರ್‌ಬೋರ್ಡಿನ ಮರ ಒಣಗಿ ಅಗಲದಲ್ಲಿ ಕುಗ್ಗಿದೆ. ಉದ್ದಕ್ಕೆ ಮರ ಅಷ್ಟಾಗಿ ಕುಗ್ಗುವುದಿಲ್ಲ, ಅಡ್ಡಕ್ಕೆ ಕುಗ್ಗುತ್ತದೆ. ಎರಡೂ ಕಡೆ ಕಾಲು ಮಿಲಿಮೀಟರ್ ಕುಗ್ಗಿದರೂ ಸಾಕು, ಕೈಗೆ ಗರಗಸದ ಹಾಗೆ ತಾಗುತ್ತದೆ. ಗಿಟಾರ್ ಮರದಲ್ಲಿ ತೇವ 6ರಿಂದ 8 ಶೇಕಡಾ ಇರಬೇಕು, ಕೆಲಸ ಮಾಡುವ ಜಾಗದ ಗಾಳಿಯ ತೇವಾಂಶ 45ರಿಂದ 50 ಶೇಕಡಾ ಆಸುಪಾಸು ಇರಬೇಕು. ನಿಮ್ಮ ನೆಕ್ ಮೂರೇ ವಾರದಲ್ಲಿ ಹೀಗಾಗಿದೆ ಅಂದರೆ ಒಂದೋ ಮರ ಹಸಿಯಾಗಿದ್ದಾಗಲೇ ಕತ್ತರಿಸಿದ್ದಾರೆ, ಇಲ್ಲಾ ನಿಮ್ಮ ಕೋಣೆಯ ಗಾಳಿ ತುಂಬಾ ಒಣ. ಕೋಣೆಯಲ್ಲಿ ತೇವಾಂಶ ಅಳೆಯುವ ಸಣ್ಣ ಮೀಟರ್ ಒಂದು ಇಡಿ. ಅದಿಲ್ಲದೆ ಕಾರ್ಖಾನೆಯವರ ಹತ್ತಿರ ಜಗಳಕ್ಕೆ ಹೋಗಬೇಡಿ.

ಒಳ್ಳೆಯ ನೆಕ್ ಒಂದೇ ಸಲಕ್ಕೆ ಆಗುವುದಿಲ್ಲ. ಮೊದಲು ಅಂದಾಜಿಗೆ ದಪ್ಪವಾಗಿ ಕತ್ತರಿಸುತ್ತೇವೆ, ಆಮೇಲೆ ಕಪಾಟಿನಲ್ಲಿ ಸುಮ್ನೆ ಬಿಡುತ್ತೇವೆ. ಮರದೊಳಗಿನ ಬಿಗಿತ ಸಡಿಲವಾಗಿ ಅದು ಎತ್ತ ಬಾಗಬೇಕೋ ಅತ್ತ ಬಾಗುತ್ತದೆ. ಬಾಗಿದ ಮೇಲೆ ಮತ್ತೆ ನೇರ ಮಾಡಿ ಕತ್ತರಿಸುತ್ತೇವೆ. ಈ ಕಾಯುವ ಕಾಲವನ್ನು ಲೆಕ್ಕದವರು ನೋಡಿದರೆ ಏನೂ ಕೆಲಸ ನಡೆಯದ ವಾರಗಳ ಹಾಗೆ ಕಾಣುತ್ತದೆ. ಅದಕ್ಕೇ ಆತುರ ಬಂದಾಗ ಮೊದಲು ಕತ್ತರಿ ಬೀಳುವುದು ಅದಕ್ಕೆ. ಒಮ್ಮೆ ನಮ್ಮಲ್ಲೂ ಹೀಗೆ ಆಯಿತು. ಹಡಗಿನ ತಾರೀಖು ತಪ್ಪಬಾರದು ಅಂತ 60 ನೆಕ್‌ಗಳನ್ನು ಎರಡನೇ ವಿಶ್ರಾಂತಿ ಕೊಡದೆ ಫ್ರೆಟ್ ಹಾಕಿ ಕಳಿಸಿದೆವು. ಹೊರಟ ದಿನ ಒಂದೊಂದೂ ನೇರವಾಗಿತ್ತು, ನಾನೇ ಅಳತೆಪಟ್ಟಿ ಇಟ್ಟು ಬೆಳಕಿಗೆ ಹಿಡಿದು ನೋಡಿದ್ದೆ. 10-46 ದಪ್ಪದ (ಇಂಚಿನ ಸಾವಿರದ ಲೆಕ್ಕದಲ್ಲಿ) ತಂತಿ ಹಾಕಿದರೆ ನೆಕ್ ಮೇಲೆ ಸುಮಾರು 45 ಕೆಜಿ ಎಳೆತ ಹಗಲೂ ರಾತ್ರಿ ಇರುತ್ತದೆ. ಎರಡು ತಿಂಗಳಲ್ಲಿ ವಾಪಸ್ ಬರಲು ಶುರುವಾದವು. ದೇಹಕ್ಕೆ ಸೇರುವ ಕಡೆ, 14ನೇ ಫ್ರೆಟ್ ದಾಟಿದ ಮೇಲೆ, ನೆಕ್ ಉಬ್ಬಿತ್ತು. ಅಲ್ಲಿ ಟ್ರಸ್ ರಾಡ್ (ನೆಕ್ ಒಳಗೆ ಬಾಗು ಸರಿಪಡಿಸುವ ಲೋಹದ ಸರಳು) ತಿರುಗಿಸಿ ಏನೂ ಪ್ರಯೋಜನವಿಲ್ಲ. ಫ್ರೆಟ್ ಎಲ್ಲ ಕಿತ್ತು, ಬೋರ್ಡ್ ಉಜ್ಜಿ ಮತ್ತೆ ಹಾಕಬೇಕು. ಕೆಲಸ ಕೊಟ್ಟವರು ನಮಗೆ ಇನ್ನೊಂದು ಲಾಟ್ ಕೊಡಲೇ ಇಲ್ಲ.

ಹಾಗಾಗಿ ನನ್ನ ಪಾಲಿಗೆ ಪ್ರಶ್ನೆ ಸುಲಭ. ತಾರೀಖು ಬಿಡಿ. ಕಾರ್ಖಾನೆಯವರೇ ಐದು ತಿಂಗಳು ಕೇಳುತ್ತಿದ್ದಾರೆ ಅಂದರೆ ಅದು ಒಳ್ಳೆಯ ಸೂಚನೆ, ಬೇರೆಯವರಾಗಿದ್ದರೆ ಹೂಂ ಅಂದು ಕಳಿಸಿಬಿಡುತ್ತಿದ್ದರು.

ಖರ್ಚು ಇಳಿಸುವುದು ಎಲ್ಲಿ ಅಂದರೆ, ಬಣ್ಣದಲ್ಲಿ. ಹೊಳಪಿನ ಸನ್‌ಬರ್ಸ್ಟ್ ಅಂದರೆ ಪಳಗಿದ ಕೈಯೇ ಬೇಕು, ಪದರದ ಮೇಲೆ ಪದರ ಹಾಕಬೇಕು, ಮಧ್ಯೆ ಉಜ್ಜಬೇಕು, ಕೊನೆಗೆ ಪಾಲಿಶ್ ಚಕ್ರಕ್ಕೆ ಹಿಡಿಯಬೇಕು. ಒಂದೇ ಗಟ್ಟಿ ಬಣ್ಣ, ಮಂದ ಹೊಳಪು ಸಾಕು ಅಂದರೆ ಆ ದುಡಿಮೆಯಲ್ಲಿ ಬಹಳಷ್ಟು ಉಳಿಯುತ್ತದೆ. ಮರದ ಎಳೆ ಕಾಣದ ಕಾರಣ ದೇಹಕ್ಕೆ ಎರಡು ಮೂರು ತುಂಡು ಅಂಟಿಸಿದ್ದೂ ನಡೆಯುತ್ತದೆ, ಶಬ್ದದಲ್ಲಿ ನಷ್ಟ ಆಗುವುದಿಲ್ಲ.

---

ಕೌಂಟರ್‌ಹಿಂದೆ ಉತ್ತರ:

ನಾನು ಮಾರುವವಳು, ರಿಪೇರಿಯನ್ನೂ ಮಾಡುತ್ತೇನೆ. ಮೇಲಿನವರು ಹೇಳಿದ್ದಕ್ಕೆ ನನ್ನ ಒಪ್ಪಿಗೆ ಇದೆ. ಆದರೆ ಬೆಲೆಯ ವಿಷಯ ಯಾರೂ ಹೇಳದೆ ಹೋಗಬಾರದು.

ಕಾರ್ಖಾನೆಯ ಬಾಗಿಲಲ್ಲಿ 10 ಇದ್ದ ಖರ್ಚು ಅಂಗಡಿಯ ಗೋಡೆ ಮೇಲೆ 25, 30 ಆಗಿ ನಿಲ್ಲುತ್ತದೆ. ಸಾಗಣೆ, ಸುಂಕ, ವಿತರಕರ ಪಾಲು, ನಮ್ಮ ಪಾಲು, ತೆರಿಗೆ, ಎಲ್ಲ ಸೇರಿ. ಅಂದರೆ ನೀವು ಹಾಕುವ ಒಂದೊಂದು ಒಳ್ಳೆಯ ಭಾಗದ ಬೆಲೆಯನ್ನೂ ಕೊಳ್ಳುವವರು ಎರಡೂವರೆ ಮೂರು ಪಟ್ಟು ಕೊಟ್ಟು ತಗೊಳ್ಳುತ್ತಾರೆ. ಅವರು ಅಂಗಡಿಗೆ ಬರುವಾಗ ಇಷ್ಟರ ಒಳಗೆ ಅಂತ ಮನಸ್ಸಿನಲ್ಲಿ ಒಂದು ಗೆರೆ ಹಾಕಿಕೊಂಡೇ ಬರುತ್ತಾರೆ. ಗೆರೆಯಿಂದ ಸ್ವಲ್ಪ ಆಚೆ ಇರುವ ಗಿಟಾರನ್ನು ಮುಟ್ಟುವುದೂ ಇಲ್ಲ. ನಿಮ್ಮ ಗಿಟಾರ್ 30 ಶೇಕಡಾ ಮೇಲೆ ಹೋದರೆ ಅದು ಬೇರೆಯೇ ಗೋಡೆಗೆ ಹೋಗುತ್ತದೆ. ಆ ಗೋಡೆಯಲ್ಲಿ ಹೆಸರು ಮಾಡಿದ ಕಂಪನಿಗಳಿವೆ. ಮೊದಲ ಗಿಟಾರ್ ಕೊಳ್ಳುವವರಿಗೆ ಅಂತ ಮಾಡಿದ್ದು ಅಲ್ಲಿ ನೇತಾಡಿದರೆ ನಿಮ್ಮ ಎರಡು ವರ್ಷದ ಯೋಚನೆಗೇ ಅರ್ಥ ಇಲ್ಲ ಅಲ್ವಾ?

ಅದಕ್ಕೇ ಮೊದಲು ಬೆಲೆಗೆ ಮೊಳೆ ಹೊಡೆಯಿರಿ. ಆಮೇಲೆ ಅದರ ಒಳಗೆ ಏನು ಹಿಡಿಯುತ್ತದೆ ಅಂತ ನೋಡಿ.

ಏನು ಹಿಡಿಸಬೇಕು ಅನ್ನುವುದಕ್ಕೆ ನನ್ನ ಕಣ್ಣಿಗೆ ಬಿದ್ದದ್ದು ಹೇಳುತ್ತೇನೆ. ಜನ ಗಿಟಾರ್ ಎತ್ತಿಕೊಂಡು ಮೊದಲು ನೋಡುವುದು ತೂಕ, ಆಮೇಲೆ ಎಡಗೈ ನೆಕ್ ಮೇಲೆ ಮೇಲೆ ಕೆಳಗೆ ಜಾರುತ್ತದೆ. ಆಮೇಲೆ ಮೊದಲ ಫ್ರೆಟ್‌ನಲ್ಲಿ ಒಂದು ಕಾರ್ಡ್ (ಹಲವು ಸ್ವರಗಳ ಜೋಡಣೆ) ಹಿಡಿಯುತ್ತಾರೆ. ಅಲ್ಲೇ ಅರ್ಧ ಮುಗಿಯಿತು. ನಟ್ ಅಂದರೆ ನೆಕ್ ತುದಿಯಲ್ಲಿ ತಂತಿಗಳು ಕೂರುವ ಕಚ್ಚಿನ ಪಟ್ಟಿ. ನಟ್‌ನ ಕಚ್ಚು ಎತ್ತರ ಇದ್ದರೆ ಮೊದಲ ಫ್ರೆಟ್ ಒತ್ತಲು ಕಷ್ಟ, ಒತ್ತಿದರೂ ಶ್ರುತಿ ಮೇಲೆ ಹೋಗಿ ಕಾರ್ಡ್ ಅಪಶ್ರುತಿಯಾಗುತ್ತದೆ. ಕಚ್ಚು ಬಿಗಿಯಾಗಿದ್ದರೆ ತಂತಿ ಸಿಕ್ಕಿಕೊಂಡು ಟಿಂಕ್ ಅಂತ ಸದ್ದು ಮಾಡಿ ಜಿಗಿಯುತ್ತದೆ, ಶ್ರುತಿ ನಿಲ್ಲುವುದಿಲ್ಲ. ಆಗ ಎಲ್ಲರೂ ಟ್ಯೂನರ್‌ಗೆ ಬೈಯುತ್ತಾರೆ. ರಿಪೇರಿಗೆ ಬಂದ ಹತ್ತು ಗಿಟಾರ್‌ಗಳಲ್ಲಿ ಎಂಟರ ಟ್ಯೂನರ್ ಚೆನ್ನಾಗಿಯೇ ಇರುತ್ತದೆ, ನಟ್ ಸರಿ ಮಾಡಿದರೆ ಸಾಕು. ಲಾಕ್ ಆಗುವ ಟ್ಯೂನರ್‌ನ ಹಣವನ್ನು ನಟ್ ಸರಿಯಾಗಿ ಕತ್ತರಿಸುವ ಕೈಗೆ ಕೊಡಿ. ಇಪ್ಪತ್ತು ನಿಮಿಷದ ಕೆಲಸ, ಆದರೆ ಗೊತ್ತಿದ್ದವರು ಮಾಡಬೇಕು.

ಕೇಳದ್ದನ್ನು ಕೊಟ್ಟು ಬೆಲೆ ಏರಿಸಿದರೆ ದೊಡ್ಡವರಿಗೂ ಆಗಿಬರುವುದಿಲ್ಲ. 2015ರಲ್ಲಿ ಗಿಟಾರ್ ಕಂಪನಿ ಗಿಬ್ಸನ್ ತನ್ನ ಹೆಚ್ಚಿನ ಮಾಡೆಲ್‌ಗಳಿಗೆ ತಾನೇ ಶ್ರುತಿ ಮಾಡಿಕೊಳ್ಳುವ ಟ್ಯೂನರ್ ಹಾಕಿತು, ನೆಕ್ ಅಗಲ ಮಾಡಿತು, ಬೆಲೆಯನ್ನೂ ಏರಿಸಿತು. ನುಡಿಸುವವರು ಒಪ್ಪಲಿಲ್ಲ. ಮರುವರ್ಷವೇ ಹಳೆಯ ಥರದ್ದನ್ನೂ ಮತ್ತೆ ಮಾರಾಟಕ್ಕೆ ಇಡಬೇಕಾಯಿತು. ಯಂತ್ರ ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ, ಅದನ್ನು ಬೇಕು ಅಂದವರು ಕಡಿಮೆ ಇದ್ದರು.

---

ಮೂರನೇಮಾದರಿ ಉತ್ತರ:

ಇಬ್ಬರಿಗೂ ತುಂಬಾ ಧನ್ಯವಾದ. ಓದುತ್ತಿದ್ದಂತೆ ಹೋಗಿ ನಮ್ಮ ಮಾದರಿಯ ನಟ್ ನೋಡಿದೆ, ಅದು ಗೆಳೆಯ ಒಂದು ಇಡೀ ಸಂಜೆ ಕೂತು ಕತ್ತರಿಸಿದ್ದು. ನಮಗೆ ಇದೇ ಅದು ಅನಿಸಿದ್ದು ಅದರಿಂದಲೇ ಇರಬೇಕು, ಕಾರ್ಖಾನೆಗೆ ಕೊಟ್ಟ ಪಟ್ಟಿಯಲ್ಲಿ ಮಾತ್ರ ನಟ್ ಬಗ್ಗೆ ಅದರ ಅಗಲ ಬಿಟ್ಟು ಏನೂ ಬರೆದಿಲ್ಲ.

ಸ್ಟೇನ್‌ಲೆಸ್ ಫ್ರೆಟ್ ಬಿಟ್ಟರೆ ಜನ ಕಳಪೆ ಅನ್ನುತ್ತಾರಾ? ಮತ್ತೆ ಮೇಳ ತಪ್ಪಿದರೆ ಒಂದು ವರ್ಷ ಹೋಯಿತು ಅಂತ ಎಲ್ಲರೂ ಹೆದರಿಸುತ್ತಿದ್ದಾರೆ.

---

ಮರದಧೂಳು ಉತ್ತರ:

ಫ್ರೆಟ್ ಬಗ್ಗೆ ಚಿಕ್ಕದಾಗಿ. ಸಾಮಾನ್ಯ ಫ್ರೆಟ್ ನಿಕಲ್ ಸಿಲ್ವರ್ ಅನ್ನುವ ಲೋಹದ್ದು. ನಿಕಲ್ ಸಿಲ್ವರ್‌ನಲ್ಲಿ ಬೆಳ್ಳಿ ಇಲ್ಲ, ತಾಮ್ರ, ಸತು, ನಿಕಲ್ ಅಷ್ಟೇ. ಎಲೆಕ್ಟ್ರಿಕ್ ಗಿಟಾರ್ ಶುರುವಾದಾಗಿನಿಂದ ಅದೇ ನಡೆದು ಬಂದಿದೆ. ಸ್ಟೇನ್‌ಲೆಸ್ ಬೇಗ ಸವೆಯುವುದಿಲ್ಲ, ನಿಜ. ಆದರೆ ಅದು ನಮ್ಮ ಅರವನ್ನೂ ಕತ್ತರಿಯನ್ನೂ ತಿನ್ನುತ್ತದೆ. ಫ್ರೆಟ್ ಲೋಹದ ಬೆಲೆಗಿಂತ ದುಡಿಮೆಯ ಬೆಲೆ ಜಾಸ್ತಿ. ಮಟ್ಟವಾಗಿ ಉಜ್ಜಿ ತುದಿ ದುಂಡು ಮಾಡಿದ ನಿಕಲ್ ಸಿಲ್ವರ್ ಫ್ರೆಟ್ಟು ಅವಸರದಲ್ಲಿ ಬಡಿದು ಕೂರಿಸಿದ ಸ್ಟೇನ್‌ಲೆಸ್‌ಗಿಂತ ಎಷ್ಟೋ ಮೇಲು. ಒಂದು ಫ್ರೆಟ್ ಕಾಗದದಷ್ಟು ಎತ್ತರ ಉಳಿದರೂ ಅದರ ಹಿಂದಿನ ಫ್ರೆಟ್ ಒತ್ತಿದಾಗ ತಂತಿ ಗರಗರ ಅನ್ನುತ್ತದೆ.

---

ಹಳೆತಂತಿ ಉತ್ತರ:

ಸಮಯದ ಬಗ್ಗೆ ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ, ಯಾಕಂದರೆ ಸಮಯ ಅಂದಾಗ ಎಲ್ಲರೂ ಮೇಳದ ತಾರೀಖನ್ನೇ ನೋಡುತ್ತಾರೆ.

ಗಿಬ್ಸನ್ 1958ರಲ್ಲಿ ಫ್ಲೈಯಿಂಗ್ ವಿ, ಎಕ್ಸ್‌ಪ್ಲೋರರ್ ತಂದಿತು. ಈಗ ಯಾವ ಹೆವಿ ಮೆಟಲ್ ವೇದಿಕೆ ನೋಡಿದರೂ ಆ ಆಕಾರಗಳೇ. ಆಗ ಮಾತ್ರ ಅಂಗಡಿಯವರು ತಗೊಳ್ಳಲೇ ಇಲ್ಲ, ಸ್ವಲ್ಪ ಕಾಲದಲ್ಲೇ ನಿಂತುಹೋದವು. 1958ರಿಂದ 1960ರವರೆಗಿನ ಸನ್‌ಬರ್ಸ್ಟ್ ಲೆಸ್ ಪಾಲ್ ಮಾಡೆಲ್ ಕೂಡ ಹಾಗೇ, ಸರಿಯಾಗಿ ಮಾರಾಟವಾಗಲಿಲ್ಲ ಅಂತ 1961ರಲ್ಲಿ ಆಕಾರವನ್ನೇ ಬದಲಿಸಿದರು. ಕೆಲವೇ ವರ್ಷದಲ್ಲಿ ಬ್ಲೂಸ್ ನುಡಿಸುವವರು ಜೋರಾದ ಆಂಪ್ಲಿಫೈಯರ್ ಜೊತೆ ಅದೇ ಹಳೆಯ ಗಿಟಾರ್ ಹುಡುಕಿಕೊಂಡು ಹೊರಟರು, 1968ರಲ್ಲಿ ಗಿಬ್ಸನ್ ಮತ್ತೆ ಲೆಸ್ ಪಾಲ್ ಮಾಡಲು ಶುರು ಮಾಡಿತು. ಗುಣಮಟ್ಟಕ್ಕೆ ಏನೂ ಕೊರತೆ ಇರಲಿಲ್ಲ, ಅದಕ್ಕೆ ಬೇಕಾದ ಸಂಗೀತ ಇನ್ನೂ ಬಂದಿರಲಿಲ್ಲ ಅಷ್ಟೇ. ಈ ಥರದ ಸಮಯ ಯಾರ ಕೈಯಲ್ಲೂ ಇಲ್ಲ. ಅದರ ಮುಂದೆ ನಿಮ್ಮ ನಾಲ್ಕು ತಿಂಗಳೋ ಐದು ತಿಂಗಳೋ ಅನ್ನುವ ಲೆಕ್ಕ ಬಹಳ ಸಣ್ಣದು.

ಆತುರಕ್ಕೆ ಇನ್ನೊಂದು ಉದಾಹರಣೆ ನಿಮಗೆ ಇನ್ನೂ ಹತ್ತಿರದ್ದು, ಬೋಲ್ಟ್ ನೆಕ್‌ನದ್ದೇ. 1950ರಲ್ಲಿ ಫೆಂಡರ್ ಕಂಪನಿ ತನ್ನ ಮೊದಲ ಎಸ್ಕ್ವೈರ್‌ಗಳನ್ನು ಟ್ರಸ್ ರಾಡ್ ಇಲ್ಲದೆ ಮಾಡಿತು. ಮೇಪಲ್ ಗಟ್ಟಿ ಮರ, ಅದೇ ತಡೆದುಕೊಳ್ಳುತ್ತದೆ ಅನ್ನುವ ನಂಬಿಕೆ. ನೆಕ್‌ಗಳು ಬಾಗಿದವು, ಹೆಚ್ಚಿನವನ್ನು ಬದಲಿಸಿ ಕೊಡಬೇಕಾಯಿತು. ಐವತ್ತಕ್ಕಿಂತ ಕಡಿಮೆ ಗಿಟಾರ್ ಹೊರಗೆ ಹೋಗಿದ್ದವು, ಹಾಗಾಗಿ ಬಚಾವ್. ಟ್ರಸ್ ರಾಡ್ ಹಾಕಿಕೊಂಡು ಬಂದದ್ದೇ ಮುಂದೆ 1951ರಲ್ಲಿ ಟೆಲಿಕಾಸ್ಟರ್ ಅನ್ನುವ ಹೆಸರು ಪಡೆಯಿತು. ಆ ಗಿಟಾರಿನಲ್ಲಿ ನನಗೆ ತುಂಬಾ ಇಷ್ಟವಾಗುವುದು ಬೇರೆಯೇ. ಚಪ್ಪಟೆ ದೇಹ, ನಾಲ್ಕು ತಿರುಪು ಬಿಚ್ಚಿದರೆ ನೆಕ್ ಕೈಗೆ ಬರುತ್ತದೆ, ಅಂಟು ಒಣಗಲಿ ಅಂತ ಕಾಯಬೇಕಿಲ್ಲ, ಒಂದು ನೆಕ್ ಕೆಟ್ಟರೆ ಇಡೀ ಗಿಟಾರ್ ಬಿಸಾಕಬೇಕಿಲ್ಲ. ಅಲ್ಲಿ ಬೆಲೆ ಕಡಿಮೆಯಾದದ್ದು ಕೆಟ್ಟ ಭಾಗ ಹಾಕಿ ಅಲ್ಲ, ಮಾಡುವ ದಾರಿಯನ್ನೇ ಸುಲಭ ಮಾಡಿ. ನಿಮ್ಮ ನಕ್ಷೆಯನ್ನು ಈ ಕಣ್ಣಿನಿಂದ ಇನ್ನೊಮ್ಮೆ ನೋಡಿ. ಕಾರ್ಖಾನೆಯಲ್ಲಿ ಆಗಲೇ ಇರುವ ಟ್ರಸ್ ರಾಡ್, ಅವರ ಹತ್ತಿರ ಇರುವ ಅಚ್ಚಿಗೆ ಹೊಂದುವ ನೆಕ್ ಪಾಕೆಟ್, ಅವರು ದಿನಾ ಬಳಸುವ ಪಿಕಪ್ ಕುಳಿ. ಹೊಸ ಅಚ್ಚು ಎಷ್ಟು ಕಡಿಮೆಯೋ ಅಷ್ಟು ದುಡ್ಡು, ಅಷ್ಟು ದಿನ ಉಳಿಯುತ್ತದೆ.

ಮತ್ತೆ ಫಿಂಗರ್‌ಬೋರ್ಡ್ ಯಾವ ಮರ ಅಂತ ನೀವು ಹೇಳಿಲ್ಲ. ರೋಸ್‌ವುಡ್ ಆದರೆ ನಿಯಮಗಳ ಮೇಲೆ ಕಣ್ಣಿಡಿ. 2017ರ ಜನವರಿ 2ರಂದು ರೋಸ್‌ವುಡ್ ಸೇರಿದ ಡಾಲ್ಬರ್ಜಿಯಾ ಜಾತಿಯ ಉಳಿದೆಲ್ಲ ಮರಗಳೂ ಸೈಟಿಸ್ (ಅಳಿವಿನ ಭಯವಿರುವ ಗಿಡ, ಪ್ರಾಣಿಗಳ ವ್ಯಾಪಾರದ ಅಂತರರಾಷ್ಟ್ರೀಯ) ಒಪ್ಪಂದದ ಎರಡನೇ ಪಟ್ಟಿಗೆ ಸೇರಿದಾಗ ಮಾರಾಟಕ್ಕೆ ಗಡಿ ದಾಟುವ ಒಂದೊಂದು ಪೆಟ್ಟಿಗೆಗೂ ಕಾಗದಪತ್ರ ಬೇಕಾಯಿತು, ಎಷ್ಟೋ ತಯಾರಕರು ರಾತ್ರೋರಾತ್ರಿ ಪಾವ್ ಫೆರೋ, ಲಾರೆಲ್ ಮರಗಳ ಕಡೆ ಹೊರಳಿದರು. 2019ರ ನವೆಂಬರ್‌ನಲ್ಲಿ ತಯಾರಾದ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು. ಬ್ರೆಜಿಲ್ ರೋಸ್‌ವುಡ್ ಮಾತ್ರ 1992ರಿಂದ ಇನ್ನೂ ಬಿಗಿಯಾದ ಮೊದಲ ಪಟ್ಟಿಯಲ್ಲೇ ಇದೆ, ಅದರ ತಂಟೆಗೆ ಹೋಗಬೇಡಿ.

---

ಎರಡನೇಲಾಟ್ ಉತ್ತರ:

ಎಲ್ಲರೂ ಕಾಯಿರಿ ಅನ್ನುತ್ತಿದ್ದೀರಿ, ನಾನು ಸ್ವಲ್ಪ ಎದುರು ಮಾತಾಡುತ್ತೇನೆ. ಕಾದು ಕೈ ಸುಟ್ಟುಕೊಂಡವನು ನಾನು. ನಮ್ಮದು ಚಿಕ್ಕ ಅಕೌಸ್ಟಿಕ್ ಗಿಟಾರ್. ಬ್ರೇಸಿಂಗ್ (ಒಳಗಿನ ಆಧಾರದ ಪಟ್ಟಿಗಳು) ಸರಿ ಇಲ್ಲ ಅಂತ ಬದಲಿಸಿದೆವು, ಆಮೇಲೆ ಬ್ರಿಡ್ಜ್, ಆಮೇಲೆ ಕತ್ತಿನ ಕೋನ. ಪ್ರತಿ ಸಲವೂ ಹಿಂದಿನದಕ್ಕಿಂತ ಚೆನ್ನಾಗಿಯೇ ಇತ್ತು, ಅದೇ ಮೋಸ ಮಾಡಿದ್ದು. ಹದಿನಾಲ್ಕು ತಿಂಗಳು ಒಂದು ಗಿಟಾರ್ ಕೂಡ ಮಾರಲಿಲ್ಲ, ಬಾಡಿಗೆ ಮಾತ್ರ ಕೊಡುತ್ತಲೇ ಇದ್ದೆವು. ಕೊನೆಗೆ ಗಿಟಾರ್ ಸಿದ್ಧವಾದಾಗ ಮರ ಕೊಳ್ಳಲು ದುಡ್ಡಿರಲಿಲ್ಲ. ಆ ಕೊನೆಯ ಮಾದರಿ ಈಗಲೂ ನನ್ನ ಗೋಡೆ ಮೇಲಿದೆ, ದಿನಾ ನುಡಿಸುತ್ತೇನೆ, ತುಂಬಾ ಒಳ್ಳೆಯ ಗಿಟಾರ್.

ಹಾಗಾಗಿ ಕಾಯಿರಿ, ಆದರೆ ಯಾವುದಕ್ಕೆ ಕಾಯುತ್ತಿದ್ದೀರಿ ಅಂತ ಮೊದಲೇ ಬರೆದಿಡಿ. ನೆಕ್ ಒಣಗುವುದಕ್ಕೆ ಮಾತ್ರ. ಆ ಐದು ತಿಂಗಳಲ್ಲಿ ಪಿಕಪ್ ಬದಲಿಸೋಣ, ಹೆಡ್‌ಸ್ಟಾಕ್ ಇನ್ನೊಂಚೂರು ತಿದ್ದೋಣ ಅಂತ ಯಾರು ಹೇಳಿದರೂ ಬೇಡ ಅನ್ನಿ.

ಮೇಳಕ್ಕೆ ಮಾದರಿಗಳನ್ನು ತಗೊಂಡು ಹೋಗಿ. ಜನ ನುಡಿಸಲಿ. ಅಂಗಡಿಯವರಿಗೆ ಇದು ಬಿಡುಗಡೆ ಅಲ್ಲ, ನೋಡಲು ಅಂತ ನೇರವಾಗಿ ಹೇಳಿ. ತಾರೀಖು ಕೇಳಿದರೆ ನೆಕ್ ಪಾಸಾದ ಮೇಲೆ ಹೇಳುತ್ತೇವೆ ಅನ್ನಿ. ತಡವಾದದ್ದನ್ನು ಅಂಗಡಿಯವರು ಕ್ಷಮಿಸುತ್ತಾರೆ, ಹೇಳಿದ ತಾರೀಖು ಎರಡು ಸಲ ತಪ್ಪಿದರೆ ಕ್ಷಮಿಸುವುದಿಲ್ಲ. ಮತ್ತೆ 200 ಬೇಡ, ಮೊದಲು 50 ಕೇಳಿ. ಒಂದೊಂದಕ್ಕೆ ಖರ್ಚು ಜಾಸ್ತಿ ಬೀಳುತ್ತದೆ, ಮೊದಲ ಲಾಟ್‌ನಲ್ಲಿ ಲಾಭ ಬಾರದಿದ್ದರೂ ಪರವಾಗಿಲ್ಲ. 50ರಲ್ಲಿ ತಪ್ಪು ಸಿಕ್ಕರೆ ತಿದ್ದಬಹುದು, 200ರಲ್ಲಿ ಸಿಕ್ಕರೆ ಮುಗಿಯಿತು.

---

ಕೌಂಟರ್‌ಹಿಂದೆ ಉತ್ತರ:

ಹೇಳಿದ ತಾರೀಖು ತಪ್ಪುವ ಬಗ್ಗೆ ಮೇಲೆ ಬರೆದದ್ದು ನೂರಕ್ಕೆ ನೂರು ನಿಜ. ನಾನು ಗಿರಾಕಿಗೆ ಮಾತು ಕೊಟ್ಟಿರುತ್ತೇನೆ, ಮುಂಗಡ ತಗೊಂಡಿರುತ್ತೇನೆ. ಈಗಲೇ ಫೋನ್ ಮಾಡಿ ಹೇಳಿಬಿಡಿ, ಮೇಳದ ಹಿಂದಿನ ವಾರ ಹೇಳಬೇಡಿ.

---

ಮೂರನೇಮಾದರಿ ಉತ್ತರ:

ನಿನ್ನೆ ಮೂವರೂ ಕೂತು ಈ ಉತ್ತರಗಳನ್ನೆಲ್ಲ ಗಟ್ಟಿಯಾಗಿ ಓದಿದೆವು. ಬೆಲೆ ಏರಿಸೋಣ ಅಂದ ಗೆಳೆಯನೇ ಮೊದಲು ಒಪ್ಪಿದ. ಆ ಇನ್ನೊಂದು ಗೋಡೆಯ ಮಾತು ಅವನಿಗೆ ನಾಟಿತು.

ಬೆಲೆ ಮೊದಲು ಅಂದುಕೊಂಡಷ್ಟೇ ಇರುತ್ತದೆ. ನಿಕಲ್ ಸಿಲ್ವರ್ ಫ್ರೆಟ್, ಸಾದಾ ಟ್ಯೂನರ್, ಮಂದ ಹೊಳಪಿನ ಒಂದೇ ಬಣ್ಣ. ನಟ್‌ಗೆ ಒಂದು ಪುಟ ಬರೆದಿದ್ದೇವೆ: ಒಂದೊಂದು ತಂತಿಗೂ ಕಚ್ಚಿನ ಅಗಲ, ಆಳ, ಮೊದಲ ಫ್ರೆಟ್ ಮೇಲೆ ಎಷ್ಟು ಸಂದು ಇರಬೇಕು ಎಲ್ಲ. ಕಾರ್ಖಾನೆಯವರು 50ಕ್ಕೆ ಒಪ್ಪಲಿಲ್ಲ, 80ಕ್ಕೆ ಒಪ್ಪಿದರು. ನೆಕ್‌ಗಳನ್ನು ಮಾತ್ರ ಈಗಲೇ ಕತ್ತರಿಸಿ ಇಡುತ್ತಾರೆ, ಅವು ವಿಶ್ರಾಂತಿಯಲ್ಲಿ ಇರುವಾಗ ದೇಹದ ಕೆಲಸ ನಡೆಯುತ್ತದೆ, ಹಾಗಾಗಿ ನಾವು ಹೆದರಿದಷ್ಟು ತಡ ಆಗಲಿಕ್ಕಿಲ್ಲ. ಅಂಗಡಿಯವರಿಗೆ ಇವತ್ತು ಬೆಳಿಗ್ಗೆ ನಾನೇ ಫೋನ್ ಮಾಡಿದೆ. ಒಬ್ಬರು ಬೇಜಾರು ಮಾಡಿಕೊಂಡರು. ಉಳಿದವರು ಮಾದರಿ ನೋಡಲು ಬರುತ್ತೇವೆ ಅಂದರು.

ಕೋಣೆಗೆ ತೇವಾಂಶದ ಮೀಟರ್ ತಂದೆವು. 31 ತೋರಿಸುತ್ತಿದೆ. ಅಂದರೆ ನೆಕ್ ಚುಚ್ಚಿದ್ದರಲ್ಲಿ ನಮ್ಮ ಕೋಣೆಯ ಪಾಲೂ ಇದೆ, ಅದನ್ನು ಕಾರ್ಖಾನೆಯವರಿಗೂ ಹೇಳಿದೆ. ಮೊದಲ ಹತ್ತು ನೆಕ್ ಬಂದ ಮೇಲೆ ತಂತಿ ಹಾಕಿ ಆರು ವಾರ ಇಟ್ಟು ಅಳತೆಗಳನ್ನು ಇಲ್ಲೇ ಹಾಕುತ್ತೇನೆ.

---

ಮರದಧೂಳು ಉತ್ತರ:

ತಂತಿ ಹಾಕುವ ಮೊದಲು ಒಂದು ಅಳತೆ, ಹಾಕಿದ ಮರುದಿನ ಒಂದು ಅಳತೆ ಬರೆದಿಡಿ, ಪಕ್ಕದಲ್ಲೇ ಆ ದಿನದ ತೇವಾಂಶವನ್ನೂ. ಇಲ್ಲದಿದ್ದರೆ ಆರು ವಾರದ ನಂತರ ಯಾವುದಕ್ಕೆ ಹೋಲಿಸುತ್ತೀರಿ? ಹತ್ತರಲ್ಲಿ ಎರಡನ್ನು ಬೇಕಂತಲೇ ಆ 31ರ ಕೋಣೆಯಲ್ಲೇ ಬಿಡಿ, ಕೊಂಡವರ ಮನೆಯ ಗಾಳಿ ಹೇಗಿರುತ್ತದೋ ನಮಗೆ ಗೊತ್ತಿರುವುದಿಲ್ಲ.